ಸೋಯಾ ಕಾಳಿನೊಳಗೆ ಏನಿದೆ, ಅದರಲ್ಲಿ ನಮ್ಮ ಮೈಗೆ ದಕ್ಕುವುದೆಷ್ಟು?

ಎಲ್ಲರಿಗೂ ನಮಸ್ಕಾರ.

ಸೋಯಾ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಪ್ರೋಟೀನ್. ಅದರಲ್ಲಿ ತಪ್ಪೇನಿಲ್ಲ. ಒಣ ಕಾಳಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಪ್ರೋಟೀನ್ ಇದೆ, ಸುಮಾರು ಐದನೇ ಒಂದು ಪಾಲು ಎಣ್ಣೆ ಇದೆ. ಇವತ್ತು ನಾನು ಇವೆರಡನ್ನೂ ಪಕ್ಕಕ್ಕಿಟ್ಟು, ತೂಕದಲ್ಲಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ ಇರುವ ಕೆಲವು ವಸ್ತುಗಳ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಐಸೊಫ್ಲೇವೋನ್‌ಗಳು, ಸಪೋನಿನ್‌ಗಳು, ಸ್ಟೆರಾಲ್‌ಗಳು, ಫೈಟಿಕ್ ಆಮ್ಲ. ಐಸೊಫ್ಲೇವೋನ್‌ಗಳನ್ನೇ ತಗೊಳ್ಳಿ. 100 ಗ್ರಾಂ ಒಣ ಕಾಳಿನಲ್ಲಿ ಅವು ಸುಮಾರು 150 ಮಿಲಿಗ್ರಾಂ ಸಿಗಬಹುದು. ತಳಿ, ಮಣ್ಣು, ಹವೆ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಒಂದು ಚಿಟಿಕೆಯಷ್ಟೂ ಇಲ್ಲದ ಈ ವಸ್ತುವಿನ ಸುತ್ತ ಎಂಬತ್ತು ವರ್ಷದಿಂದ ಜಗಳ ನಡೆದಿದೆ.

ಒಬ್ಬರು ಸೋಯಾ ತಿಂದರೆ ಕ್ಯಾನ್ಸರ್ ಬರಲ್ಲ ಅನ್ನುತ್ತಾರೆ. ಇನ್ನೊಬ್ಬರು ಸೋಯಾ ತಿಂದರೇ ಕ್ಯಾನ್ಸರ್ ಬರುತ್ತೆ ಅನ್ನುತ್ತಾರೆ. ಇಬ್ಬರೂ ಒಂದೇ ಕಾಳನ್ನು ತೋರಿಸಿ ಮಾತಾಡುತ್ತಾರೆ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಸೋಯಾದ ಈ ವಸ್ತುಗಳಿಂದ ಒಳ್ಳೆಯದಾಗುತ್ತದೆ. ಆದರೆ ಎಷ್ಟು ಒಳ್ಳೆಯದಾಗುತ್ತದೆ ಅನ್ನುವುದು ಕಾಳೊಂದರ ಕೈಯಲ್ಲಿಲ್ಲ. ಆ ಕಾಳನ್ನು ಹೇಗೆ ಅಡುಗೆಗೆ ತಂದರು, ತಿಂದವರ ಕರುಳಲ್ಲಿ ಎಂಥ ಬ್ಯಾಕ್ಟೀರಿಯಾ ಇವೆ, ಈ ಎರಡು ಪ್ರಶ್ನೆ ಕೇಳದೆ ಸೋಯಾ ಒಳ್ಳೆಯದಾ ಕೆಟ್ಟದ್ದಾ ಅಂತ ತೀರ್ಪು ಕೊಟ್ಟರೆ ಅದು ಸುಮ್ನೆ ಮಾತಾಗುತ್ತದೆ.

ಗಿಡಕ್ಕೆ ಇವು ಯಾಕೆ ಬೇಕು?

ನಮಗೆ ಉಪಕಾರ ಆಗಲಿ ಅಂತ ಯಾವ ಗಿಡವೂ ಏನನ್ನೂ ತಯಾರಿಸುವುದಿಲ್ಲ. ಹಾಗಾಗಿ ಮೊದಲು ಗಿಡದ ಕಡೆಯಿಂದ ನೋಡೋಣ. ಸೋಯಾ ಗಿಡಕ್ಕೆ ಸಾರಜನಕ ಬೇಕು. ಗಾಳಿಯಲ್ಲಿ ಅದು ಬೇಕಾದಷ್ಟಿದೆ, ಆದರೆ ಗಿಡ ಅದನ್ನು ನೇರವಾಗಿ ಹೀರಿಕೊಳ್ಳಲಾರದು. ಬ್ರಾಡಿರೈಜೋಬಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾಗೆ ಆ ಕೆಲಸ ಗೊತ್ತು. ಅದನ್ನು ಕರೆಯುವುದು ಹೇಗೆ? ಗಿಡದ ಬೇರು ಜೆನಿಸ್ಟೀನ್ ಮತ್ತು ಡೈಡ್ಜೀನ್ ಎಂಬ ಐಸೊಫ್ಲೇವೋನ್‌ಗಳನ್ನು ಮಣ್ಣಿಗೆ ಬಿಡುತ್ತದೆ. ಬ್ಯಾಕ್ಟೀರಿಯಾ ಅದರ ಸುಳಿವು ಹಿಡಿದು, ತನ್ನೊಳಗಿನ ಕೆಲವು ಜೀನ್‌ಗಳನ್ನು ಎಬ್ಬಿಸಿ, ಬೇರಿಗೆ ಪ್ರತಿಯಾಗಿ ಇನ್ನೊಂದು ರಾಸಾಯನಿಕ ಸಂದೇಶ ಕಳಿಸುತ್ತದೆ. ಆಮೇಲೆ ಬೇರಿನ ಮೇಲೆ ಗಂಟುಗಳು ಮೂಡುತ್ತವೆ. ಆ ಗಂಟನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಗುಲಾಬಿ ಕೆಂಪು ಬಣ್ಣ ಕಾಣುತ್ತದೆ. ಕೆಲಸ ಮಾಡುತ್ತಿರುವ ಗಂಟಿನ ಗುರುತು ಅದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದೂರದ ಸಂಬಂಧಿಯೊಂದು ಅಲ್ಲಿದೆ, ಅದರಿಂದ ಆ ಬಣ್ಣ.

ಇನ್ನೊಂದು ಕೆಲಸ ಜಗಳದ್ದು. ಬೇರು ಕಾಂಡ ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣು ಗಿಡಕ್ಕೆ ನುಗ್ಗಿದಾಗ, ಗಿಡ ಡೈಡ್ಜೀನ್ ಅನ್ನು ಬಳಸಿ ಗ್ಲಿಸಿಯೊಲಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದು ರೋಗಾಣುವನ್ನು ತಡೆಯುತ್ತದೆ. ಅಂದರೆ ಒಂದೇ ವಸ್ತು ಸ್ನೇಹಿತರನ್ನು ಕರೆಯುವುದಕ್ಕೂ ಆಯಿತು, ಶತ್ರುವನ್ನು ಎದುರಿಸುವುದಕ್ಕೂ ಆಯಿತು. ಬದುಕುವುದಕ್ಕೆ ಇಷ್ಟು ಮುಖ್ಯವಾದ ವಸ್ತುವನ್ನು ಗಿಡ ಬೀಜದಲ್ಲೂ ತುಂಬಿಡುತ್ತದೆ. ಅದರಲ್ಲೂ ಮೊಳಕೆ ಒಡೆಯುವ ಪುಟ್ಟ ಭಾಗದಲ್ಲಿ ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಹೊರಸಿಪ್ಪೆಯಲ್ಲಿ ತೀರಾ ಕಡಿಮೆ.

ಹಾರ್ಮೋನಿನ ಭಯ ಎಲ್ಲಿಂದ ಬಂತು?

1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿ ಸಾಕುವವರಿಗೆ ದೊಡ್ಡ ಕಷ್ಟ ಬಂತು. ಹೆಣ್ಣು ಕುರಿಗಳು ಗರ್ಭ ಕಟ್ಟುತ್ತಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಅವು ಮೇಯುತ್ತಿದ್ದ ಕ್ಲೋವರ್ ಎಂಬ ಮೇವು. ಅದರಲ್ಲಿ ಫಾರ್ಮೊನೊನೆಟಿನ್ ಎಂಬ ಐಸೊಫ್ಲೇವೋನ್ ತುಂಬಾ ಇತ್ತು. ಕುರಿಯ ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಈಕ್ವಾಲ್ ಎಂಬ ವಸ್ತುವಾಗಿ ಬದಲಾಯಿಸುತ್ತಿದ್ದವು. ಈಕ್ವಾಲ್ ಈಸ್ಟ್ರೋಜನ್ ಹಾರ್ಮೋನನ್ನು ಹೋಲುವ ಕೆಲಸ ಮಾಡುತ್ತದೆ. ದಿನವಿಡೀ ಬೇರೇನೂ ಇಲ್ಲದೆ ಅದೇ ಮೇವು ಮೇಯ್ದ ಕುರಿಗಳ ಗರ್ಭಕೋಶವೇ ಕೆಟ್ಟಿತು. ಗಿಡದಲ್ಲಿರುವ ಈಸ್ಟ್ರೋಜನ್‌ನಂಥ ವಸ್ತುಗಳ ಬಗ್ಗೆ ವಿಜ್ಞಾನಿಗಳು ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದೇ ಈ ಘಟನೆಯ ನಂತರ. ಭಯವೂ ಅಲ್ಲಿಂದಲೇ ಬೆಳೆಯಿತು.

ಆ ಭಯಕ್ಕೆ ಕಾರಣ ಇತ್ತು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಜೆನಿಸ್ಟೀನ್ ಅಣುವಿನ ಆಕಾರ ನಿಜಕ್ಕೂ ನಮ್ಮ ಮೈಯ ಈಸ್ಟ್ರೋಜನ್ ಅಣುವನ್ನು ಹೋಲುತ್ತದೆ. ಆದರೆ ಕೀಲಿ ಬೀಗದೊಳಗೆ ತೂರಿದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆ ಅಂತೇನಿಲ್ಲವಲ್ಲ. 1996ರಲ್ಲಿ ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು ಒಂದು ಹೊಸ ವಿಷಯ ಪ್ರಕಟಿಸಿದರು. ಈಸ್ಟ್ರೋಜನ್‌ಗೆ ನಮ್ಮ ಜೀವಕೋಶಗಳಲ್ಲಿ ಒಂದೇ ರಿಸೆಪ್ಟರ್, ಅಂದರೆ ಒಂದೇ ಬೀಗ, ಇದೆ ಅಂದುಕೊಂಡಿದ್ದೆವು, ಎರಡಿವೆ ಎಂದು ಗೊತ್ತಾಯಿತು. ಹಳೆಯದನ್ನು ಆಲ್ಫಾ ಅಂತಲೂ ಹೊಸದನ್ನು ಬೀಟಾ ಅಂತಲೂ ಕರೆದರು. ನಮ್ಮ ಮೈಯ ಈಸ್ಟ್ರೋಜನ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರ ಅಂಟುತ್ತದೆ. ಸೋಯಾದ ಐಸೊಫ್ಲೇವೋನ್‌ಗಳಿಗೆ ಬೀಟಾ ಮೇಲೆ ಒಲವು ಜಾಸ್ತಿ. ಆಲ್ಫಾ ಸ್ತನ ಮತ್ತು ಗರ್ಭಕೋಶದ ಜೀವಕೋಶಗಳನ್ನು ಬೆಳೆಯಲು ಪ್ರೇರೇಪಿಸುತ್ತದೆ. ಬೀಟಾ ಎಷ್ಟೋ ಕಡೆ ಆ ಬೆಳವಣಿಗೆಗೆ ಲಗಾಮು ಹಾಕುತ್ತದೆ. ಆದ್ದರಿಂದ ಸೋಯಾ ತಿಂದರೆ ಈಸ್ಟ್ರೋಜನ್ ಮಾತ್ರೆ ನುಂಗಿದ ಹಾಗೆ ಅನ್ನುವ ಮಾತು ನಿಲ್ಲುವುದಿಲ್ಲ.

ಇಲ್ಲಿ ಇಲಿಗಳ ವಿಷಯವನ್ನೂ ಹೇಳಲೇಬೇಕು. ಸೋಯಾ ಅಪಾಯ ಅನ್ನುವ ಎಷ್ಟೋ ಸುದ್ದಿಗಳ ಬುಡ ಹುಡುಕಿದರೆ ಅಲ್ಲಿ ಇಲಿ ಅಥವಾ ಸುಂಡಿಲಿಯ ಪ್ರಯೋಗ ಇರುತ್ತದೆ. ನಾವು ಜೆನಿಸ್ಟೀನ್ ತಿಂದಾಗ, ಕರುಳಿನ ಗೋಡೆ ಮತ್ತು ಪಿತ್ತಜನಕಾಂಗ ಸೇರಿ ಅದರ ಬಹುಪಾಲಿಗೆ ಇನ್ನೊಂದು ಅಣುವನ್ನು ಅಂಟಿಸಿಬಿಡುತ್ತವೆ. ಹಾಗೆ ಅಂಟಿದ ಮೇಲೆ ಅದರ ಹಾರ್ಮೋನ್ ಶಕ್ತಿ ತುಂಬಾ ಕುಗ್ಗುತ್ತದೆ. ರಕ್ತದಲ್ಲಿ ಬಿಡಿಯಾಗಿ ಓಡಾಡುವುದು ತೀರಾ ಸ್ವಲ್ಪ. ಇಲಿ, ಸುಂಡಿಲಿಗಳಲ್ಲಿ ಬಿಡಿಯಾಗಿ ಉಳಿಯುವ ಪಾಲು ನಮಗಿಂತ ಎಷ್ಟೋ ಪಟ್ಟು ಜಾಸ್ತಿ. ಅವುಗಳ ಕರುಳು ಈಕ್ವಾಲನ್ನೂ ಧಾರಾಳವಾಗಿ ತಯಾರಿಸುತ್ತದೆ. ಇಲಿಯ ಫಲಿತಾಂಶವನ್ನು ಹಾಗೇ ಎತ್ತಿ ಮನುಷ್ಯರ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಇದು ತಿಳಿದ ಮೇಲೂ ಅದೇ ಹಳೆಯ ಸುದ್ದಿ ಮತ್ತೆ ಮತ್ತೆ ಹರಿದಾಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಎಷ್ಟೋ ಜನ ಹೆದರಿ ಒಳ್ಳೆಯ ಆಹಾರವೊಂದನ್ನು ಬಿಟ್ಟಿದ್ದಾರೆ.

ಕಾಳಿನಿಂದ ತಟ್ಟೆಗೆ ಬರುವ ದಾರಿ

ಈಗ ಅಡುಗೆಮನೆಗೆ ಬನ್ನಿ. ನೆನೆಸಿದ ಸೋಯಾ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದರೆ ಒಂದು ಹಸಿ ವಾಸನೆ ಎದ್ದು ಬರುತ್ತದೆ. ಕಾಳು ಇಡಿಯಾಗಿದ್ದಾಗ ಆ ವಾಸನೆ ಇರುವುದಿಲ್ಲ. ಕಾಳು ಒಡೆದು, ನೀರು ಗಾಳಿ ಸೋಕಿದ ಕೂಡಲೇ ಲಿಪಾಕ್ಸಿಜನೇಸ್ ಎಂಬ ಕಿಣ್ವ ಅದರ ಎಣ್ಣೆಯ ಮೇಲೆ ಕೆಲಸ ಶುರು ಮಾಡುತ್ತದೆ. ವಾಸನೆ ಹುಟ್ಟುವುದು ಆಗ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದಕ್ಕೆ ಸರಳ ಉಪಾಯ ತೋರಿಸಿದರು. ಕುದಿಯುವಷ್ಟು ಬಿಸಿ ನೀರು ಹಾಕಿ ರುಬ್ಬಿ. ಕಿಣ್ವ ಕೆಲಸ ಶುರು ಮಾಡುವ ಮೊದಲೇ ಕೆಡುತ್ತದೆ, ವಾಸನೆ ಬರುವುದಿಲ್ಲ.

ರುಬ್ಬಿ ಸೋಸಿದ ಹಾಲನ್ನು ಒಲೆಯ ಮೇಲೆ ಇಟ್ಟಾಗ ಇನ್ನೊಂದು ಸಂಗತಿ ನಡೆಯುತ್ತದೆ. ಹಾಲು ಇನ್ನೂ ಕುದಿ ಬಿಂದುವಿಗೆ ಬಂದಿರುವುದೇ ಇಲ್ಲ, ಆಗಲೇ ದಟ್ಟ ನೊರೆ ಎದ್ದು ಪಾತ್ರೆಯ ಅಂಚಿಗೆ ಬರುತ್ತದೆ. ಉಕ್ಕಿತು ಅಂತ ನಾವು ಒಲೆ ಆರಿಸುತ್ತೇವೆ. ಅದು ಹುಸಿ ಕುದಿ. ಆ ನೊರೆಗೆ ಕಾರಣ ಪ್ರೋಟೀನ್ ಜೊತೆಗೆ ಸೇರಿದ ಸಪೋನಿನ್‌ಗಳು. ಸೋಪಿನ ಹಾಗೆ ಒಂದು ತುದಿ ನೀರಿಗೆ, ಇನ್ನೊಂದು ತುದಿ ಎಣ್ಣೆಗೆ ಅಂಟುವ ಅಣುಗಳು ಅವು. ಸೋಯಾದ ಒಗರು ಕಹಿಗೂ ಅವುಗಳದ್ದೇ ದೊಡ್ಡ ಪಾಲು. ಉರಿ ತಗ್ಗಿಸಿ, ನೊರೆ ಇಳಿಸಿ, ಕೈಯಾಡಿಸುತ್ತಾ ಇನ್ನೂ ಸ್ವಲ್ಪ ಹೊತ್ತು ನಿಜವಾಗಿ ಕುದಿಸಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಪ್ರೋಟೀನ್‌ಗಳಿವೆ. ಟ್ರಿಪ್ಸಿನ್ ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಅರಗಿಸುವ ಕಿಣ್ವ. ಅದನ್ನೇ ತಡೆದರೆ ತಿಂದದ್ದು ಅರಗುವುದು ಹೇಗೆ? 1917ರಲ್ಲೇ ಓಸ್ಬೋರ್ನ್ ಮತ್ತು ಮೆಂಡೆಲ್ ಎಂಬ ಅಮೆರಿಕದ ವಿಜ್ಞಾನಿಗಳು ಹಸಿ ಸೋಯಾ ತಿಂದ ಇಲಿಗಳು ಬೆಳೆಯಲಿಲ್ಲ, ಬೇಯಿಸಿದ್ದು ತಿಂದವು ಚೆನ್ನಾಗಿ ಬೆಳೆದವು ಎಂದು ತೋರಿಸಿದ್ದರು. ಕಾರಣ ಗೊತ್ತಾಗುವುದಕ್ಕೆ ಇನ್ನೂ ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮೋಸೆಸ್ ಕುನಿಟ್ಜ್ 1945ರಲ್ಲಿ ಆ ತಡೆಯುವ ಪ್ರೋಟೀನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಚೆನ್ನಾಗಿ ಬೇಯಿಸಿದರೆ ಅದರ ಬಹುಪಾಲು ಶಕ್ತಿ ಹೋಗುತ್ತದೆ. ಐಸೊಫ್ಲೇವೋನ್‌ಗಳು ಮಾತ್ರ ಅಷ್ಟು ಬಿಸಿಗೆ ಬಗ್ಗುವುದಿಲ್ಲ. ಬೇಯಿಸಿದರೂ ಉಳಿಯುತ್ತವೆ. ಆದರೆ ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಒಂದಷ್ಟು ಹೋಗುತ್ತವೆ. ಹಾಲು ಸೋಸಿ ಉಳಿದ ಹಿಂಡಿಯಲ್ಲಿ ಒಂದಷ್ಟು ನಿಲ್ಲುತ್ತವೆ. ಹಾಲನ್ನು ಒಡೆದು ತೋಫು ಮಾಡುವಾಗ ತಿಳಿನೀರಿನ ಜೊತೆ ಇನ್ನಷ್ಟು ಹೋಗುತ್ತವೆ.

ದೊಡ್ಡ ನಷ್ಟ ಆಗುವುದು ಕಾರ್ಖಾನೆಯಲ್ಲಿ. ಸೋಯಾದಿಂದ ಪ್ರೋಟೀನ್ ಸಾಂದ್ರ ಮಾಡುವಾಗ ಒಂದು ವಿಧಾನದಲ್ಲಿ ಆಲ್ಕೋಹಾಲ್ ಹಾಕಿ ತೊಳೆಯುತ್ತಾರೆ. ಒಗರು, ವಾಸನೆ ಹೋಗುತ್ತದೆ. ಐಸೊಫ್ಲೇವೋನ್‌ಗಳೂ ಬಹುಪಾಲು ತೊಳೆದುಹೋಗುತ್ತವೆ. ನೀರಿನಲ್ಲಿ ತೊಳೆದ ಸಾಂದ್ರದಲ್ಲಿ ಅವು ಉಳಿದಿರುತ್ತವೆ. ಪೊಟ್ಟಣದ ಮೇಲೆ ಎರಡಕ್ಕೂ ಒಂದೇ ಹೆಸರು! ಸೋಯಾ ಎಣ್ಣೆಯಲ್ಲಿ ಐಸೊಫ್ಲೇವೋನ್ ಇಲ್ಲ ಅಂತಲೇ ಹೇಳಬಹುದು. ಸೋಯಾ ಸಾಸ್‌ನಲ್ಲೂ ಹೆಸರಿಗೆ ಮಾತ್ರ. 100 ಗ್ರಾಂ ತೋಫುವಿನಲ್ಲಿ ಸುಮಾರು 20ರಿಂದ 35 ಮಿಲಿಗ್ರಾಂ ಇರುತ್ತದೆ, ಹುದುಗು ಬರಿಸಿದ ಸೋಯಾ ತಿನಿಸಾದ ಟೆಂಪೆಯಲ್ಲಿ ಅದರ ಎರಡು ಪಟ್ಟಿನಷ್ಟು.

ಹುದುಗು ಬಂದರೆ ಏನಾಗುತ್ತದೆ?

ಕಾಳಿನಲ್ಲಿರುವಾಗ ಐಸೊಫ್ಲೇವೋನ್‌ಗಳು ಒಂಟಿಯಾಗಿರುವುದಿಲ್ಲ. ಬಹುಪಾಲು ಅಣುಗಳಿಗೆ ಒಂದೊಂದು ಸಕ್ಕರೆ ಅಣು ಅಂಟಿಕೊಂಡಿರುತ್ತದೆ. ಸಕ್ಕರೆ ಅಂಟಿದ ರೂಪ ಕರುಳಿನ ಗೋಡೆಯನ್ನು ದಾಟಲಾರದು. ಮೊದಲು ಆ ಸಕ್ಕರೆ ಕಳಚಬೇಕು. ನಮ್ಮ ಸಣ್ಣ ಕರುಳಿನ ಕಿಣ್ವಗಳು ಮತ್ತು ಅಲ್ಲಿನ ಬ್ಯಾಕ್ಟೀರಿಯಾ ಆ ಕೆಲಸ ಮಾಡುತ್ತವೆ. ಹುದುಗು ಬರಿಸಿದ ಸೋಯಾದಲ್ಲಿ ಆ ಕೆಲಸದ ಬಹುಭಾಗ ಹೊರಗೇ ಮುಗಿದಿರುತ್ತದೆ.

ಇಂಡೊನೇಷ್ಯಾದ ಜಾವಾ ದ್ವೀಪದ ಟೆಂಪೆಯನ್ನು ನೋಡಿ. ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಬೇಯಿಸಿ, ನೀರಾರಿಸಿ, ರೈಜೋಪಸ್ ಎಂಬ ಬೂಸ್ಟನ್ನು ಸೇರಿಸಿ ಬೆಚ್ಚಗಿಡುತ್ತಾರೆ. ಸುಮಾರು 30 ಡಿಗ್ರಿಯಲ್ಲಿ ಒಂದೆರಡು ದಿನ. ಮೊದಲು ಕಾಳಿನ ನಡುವೆ ಬಿಳಿ ಎಳೆಗಳು ಕಾಣುತ್ತವೆ. ಆಮೇಲೆ ಎಳೆಗಳು ಒತ್ತಾಗಿ ಹೆಣೆದು ಕಾಳನ್ನೆಲ್ಲ ಒಂದು ಗಟ್ಟಿ ಹಲಗೆಯ ಹಾಗೆ ಹಿಡಿದಿಡುತ್ತವೆ. ಚಾಕುವಿನಿಂದ ಹೋಳು ಮಾಡಿದರೂ ಕಾಳು ಉದುರುವುದಿಲ್ಲ. ಅಷ್ಟರಲ್ಲಿ ಬೂಸ್ಟಿನ ಕಿಣ್ವಗಳು ಸಕ್ಕರೆ ಕಳಚಿರುತ್ತವೆ. ಕಬ್ಬಿಣ, ಸತುವನ್ನು ಹಿಡಿದಿಡುವ ಫೈಟಿಕ್ ಆಮ್ಲವನ್ನೂ ಒಂದಷ್ಟು ಮುರಿದಿರುತ್ತವೆ. ಜಪಾನಿನ ಮಿಸೊ ಎಂಬ ಸೋಯಾ ಪೇಸ್ಟ್ ತಿಂಗಳುಗಟ್ಟಲೆ ಹುದುಗುತ್ತದೆ, ಅದರಲ್ಲೂ ಐಸೊಫ್ಲೇವೋನ್‌ಗಳು ಹೆಚ್ಚಾಗಿ ಬಿಡಿ ರೂಪದಲ್ಲೇ ಇರುತ್ತವೆ. ಆದರೆ ಮಿಸೊದಲ್ಲಿ ಉಪ್ಪು ತುಂಬಾ ಇರುತ್ತದೆ, ರಕ್ತದೊತ್ತಡ ಇರುವವರು ಅದನ್ನು ಮರೆಯಬಾರದು. ನ್ಯಾಟೊ ಎಂಬುದು ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಹುದುಗುವಂಥದ್ದು. ಎತ್ತಿದರೆ ಅಂಟು ಅಂಟಾಗಿ ನೂಲಿನಂತೆ ಎಳೆಯುತ್ತದೆ. ಅದರಲ್ಲಿ ವಿಟಮಿನ್ ಕೆ2 ಹೇರಳ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಇದೇ ಕಾರಣಕ್ಕೆ ನ್ಯಾಟೊ ತಿನ್ನಬಾರದು. ಮಾತ್ರೆಯ ಕೆಲಸವನ್ನು ಅದು ಕೆಡಿಸುತ್ತದೆ.

ಹುದುಗು ಬಂದದ್ದು ಮಾತ್ರ ಒಳ್ಳೆಯದು, ಉಳಿದ ಸೋಯಾ ವಿಷ ಅಂತ ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಚೀನಾ, ಜಪಾನಿನಲ್ಲಿ ತಲೆಮಾರುಗಳಿಂದ ತೋಫು, ಸೋಯಾ ಹಾಲು, ಎಳೆ ಹಸಿರು ಕಾಳು ಎಲ್ಲವನ್ನೂ ತಿಂದಿದ್ದಾರೆ. ಅವು ಹುದುಗಿದವಲ್ಲ. ಆ ಜನರ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡ ಲಾಭದಲ್ಲಿ ತೋಫುವಿನ ಪಾಲು ದೊಡ್ಡದು.

ಈಕ್ವಾಲ್: ಕರುಳಿನ ಪಾಲು

ಈ ಇಡೀ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟ ಭಾಗ ಇದು. ಕುರಿಗಳ ಕಥೆಯಲ್ಲಿ ಬಂದ ಈಕ್ವಾಲನ್ನು ಮೊದಲು ಕಂಡುಹಿಡಿದದ್ದು 1932ರಲ್ಲಿ, ಗಬ್ಬದ ಕುದುರೆಯ ಮೂತ್ರದಲ್ಲಿ. ಮನುಷ್ಯರ ಮೂತ್ರದಲ್ಲಿ ಅದು ಕಂಡದ್ದು ಐವತ್ತು ವರ್ಷದ ನಂತರ, 1982ರಲ್ಲಿ. ಸೋಯಾದ ಡೈಡ್ಜೀನನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾ ಈಕ್ವಾಲ್ ಆಗಿ ಬದಲಾಯಿಸುತ್ತವೆ. ಆದರೆ ಆ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ನೂರಕ್ಕೆ 30 ಜನರಲ್ಲಿ, ಜಪಾನ್ ಕೊರಿಯಾ ಕಡೆ ಅರ್ಧದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ ಮಾತ್ರ ಈಕ್ವಾಲ್ ಆಗುತ್ತದೆ. ಆ ಕೆಲಸ ಮಾಡುವ ಒಂದು ಬ್ಯಾಕ್ಟೀರಿಯಾಗೆ ಅಡ್ಲರ್‌ಕ್ರೂಟ್ಸಿಯಾ ಎಂದು ಹೆಸರಿಟ್ಟಿದ್ದಾರೆ. ಈ ಕ್ಷೇತ್ರದಲ್ಲಿ ಜೀವನವಿಡೀ ದುಡಿದ ಫಿನ್ಲೆಂಡಿನ ವಿಜ್ಞಾನಿ ಹರ್ಮನ್ ಅಡ್ಲರ್‌ಕ್ರೂಟ್ಸ್ ಅವರ ಗೌರವಕ್ಕೆ.

ಇದರ ಪರಿಣಾಮ ಯೋಚಿಸಿ. ಒಂದೇ ಮೇಜಿಗೆ ಇಬ್ಬರು ಕೂತು, ಒಂದೇ ಪಾತ್ರೆಯಿಂದ ಸಮನಾಗಿ ಬಡಿಸಿಕೊಂಡು ತಿಂದರೂ ಒಬ್ಬರ ರಕ್ತಕ್ಕೆ ಈಕ್ವಾಲ್ ಸೇರುತ್ತದೆ, ಇನ್ನೊಬ್ಬರಿಗೆ ಇಲ್ಲ. ಕುರಿಗಳಿಗೆ ಅದು ಅತಿಯಾಗಿ ಕೇಡಾಯಿತು, ಆದರೆ ಊಟದ ಅಳತೆಯಲ್ಲಿ ಸೋಯಾದ ಲಾಭಕ್ಕೆ ಅದೂ ಒಂದು ಕಾರಣ ಇರಬಹುದು. ನೂರು ಜನರನ್ನು ಸೇರಿಸಿ ಸೋಯಾ ಕೊಟ್ಟು ಸರಾಸರಿ ತೆಗೆದರೆ, ಲಾಭ ಆದವರು ಆಗದವರು ಕಲೆಸಿಹೋಗಿ ಫಲಿತಾಂಶ ಮಂಕಾಗುತ್ತದೆ. ಸೋಯಾ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದೆ ಇರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಲಾಭ ಎಷ್ಟು?

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಷ್ಟೋ ಹೆಂಗಸರಿಗೆ ದಿಢೀರನೆ ಮೈಯೆಲ್ಲ ಬಿಸಿಯೇರುತ್ತದೆ. ಮುಖ ಕೆಂಪಾಗುತ್ತದೆ, ಬೆವರು ಕಿತ್ತುಬರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ವರ್ಷಗಟ್ಟಲೆ ಇದನ್ನು ಅನುಭವಿಸಿಯೂ ಯಾರಿಗೂ ಹೇಳದೆ ಇರುವವರು ತುಂಬಾ ಜನ. ಐಸೊಫ್ಲೇವೋನ್‌ಗಳ ಲಾಭ ಇಲ್ಲಿ ಸಾಕಷ್ಟು ಗಟ್ಟಿಯಾಗಿ ಕಂಡಿದೆ. 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಔಷಧವೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರಿಗೆ ಹೋಲಿಸಿದರೆ, ಐಸೊಫ್ಲೇವೋನ್ ತಗೊಂಡವರಲ್ಲಿ ಹೀಗೆ ಬಿಸಿಯೇರುವ ಸಲಗಳ ಸಂಖ್ಯೆ ಶೇಕಡಾ 20.6ರಷ್ಟು, ಅದರ ತೀವ್ರತೆ ಶೇಕಡಾ 26.2ರಷ್ಟು ಕಡಿಮೆಯಾಗಿತ್ತು. ಹಾರ್ಮೋನ್ ಚಿಕಿತ್ಸೆಯಷ್ಟು ಅಲ್ಲ. ಆದರೆ ಹಾರ್ಮೋನ್ ತಗೊಳ್ಳಲಾಗದವರಿಗೆ, ತಗೊಳ್ಳಲು ಮನಸ್ಸಿಲ್ಲದವರಿಗೆ ಇದು ಸಣ್ಣ ನೆಮ್ಮದಿಯಲ್ಲ.

ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶವಿತ್ತು. ದಿನಕ್ಕೆ 18.8 ಮಿಲಿಗ್ರಾಂ ಅಥವಾ ಜಾಸ್ತಿ ಜೆನಿಸ್ಟೀನ್ ಇದ್ದ ಮಾತ್ರೆಗಳು, ಕಡಿಮೆ ಇದ್ದವಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೆಲಸ ಮಾಡಿದ್ದವು. ಇಡೀ ಕಾಳಿನಿಂದ ತೆಗೆದ ಐಸೊಫ್ಲೇವೋನ್‌ನಲ್ಲಿ ಜೆನಿಸ್ಟೀನ್ ಜಾಸ್ತಿ ಇರುತ್ತದೆ. ಮೊಳಕೆ ಭಾಗದಿಂದ ತೆಗೆದದ್ದರಲ್ಲಿ ಕಡಿಮೆ. ಒಟ್ಟು ಮಿಲಿಗ್ರಾಂ ಒಂದೇ ಇದ್ದರೂ ಫಲ ಒಂದೇ ಅಲ್ಲ.

ಕೊಲೆಸ್ಟ್ರಾಲ್ ವಿಷಯದಲ್ಲಿ ಉತ್ಸಾಹ ಮೊದಲು ಏರಿತು, ಆಮೇಲೆ ಇಳಿಯಿತು. 1995ರ ಒಂದು ವಿಶ್ಲೇಷಣೆ ಸೋಯಾ ಪ್ರೋಟೀನ್ ಕೆಟ್ಟ ಕೊಲೆಸ್ಟ್ರಾಲನ್ನು ಶೇಕಡಾ 12.9ರಷ್ಟು ಇಳಿಸುತ್ತದೆ ಎಂದಿತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದು ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿತು. ಮುಂದಿನ ಪ್ರಯೋಗಗಳಲ್ಲಿ ಅಷ್ಟು ಇಳಿಕೆ ಕಾಣಲಿಲ್ಲ, ಸುಮಾರು ಶೇಕಡಾ 3ರಿಂದ 4ರಷ್ಟು ಕಂಡಿತು. 2017ರಲ್ಲಿ ಅದೇ ಆಡಳಿತ ಆ ಅನುಮತಿಯನ್ನು ಹಿಂತೆಗೆಯುವ ಪ್ರಸ್ತಾಪ ಮುಂದಿಟ್ಟಿತು. ಇಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಪ್ರೋಟೀನೇ. ಐಸೊಫ್ಲೇವೋನ್ ಮಾತ್ರೆ ಒಂದನ್ನೇ ಕೊಟ್ಟರೆ ಕೊಲೆಸ್ಟ್ರಾಲ್ ಅಷ್ಟಾಗಿ ಅಲುಗುವುದಿಲ್ಲ.

ಸ್ತನ ಕ್ಯಾನ್ಸರ್ ಬಗ್ಗೆ ಎಲ್ಲ ಕಡೆ ಕೇಳುವ ಪ್ರಶ್ನೆಗೆ ಬರುತ್ತೇನೆ. ಚೀನಾದ ಶಾಂಘೈಯಲ್ಲಿ ಸ್ತನ ಕ್ಯಾನ್ಸರ್‌ನಿಂದ ಪಾರಾದ 5,042 ಹೆಂಗಸರನ್ನು ಸುಮಾರು ನಾಲ್ಕು ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸೋಯಾ ಹೆಚ್ಚು ತಿಂದವರಲ್ಲಿ ಸಾವಿನ ಅಪಾಯವೂ ಕ್ಯಾನ್ಸರ್ ಮರಳುವ ಅಪಾಯವೂ ಕಡಿಮೆ ಪಾಲು ತಿಂದವರಿಗಿಂತ ಸುಮಾರು ಶೇಕಡಾ 30ರಷ್ಟು ತಗ್ಗಿತ್ತು. ಇದು ಬರೀ ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ಸೋಯಾ ತಿನ್ನುವವರು ಬೇರೆ ವಿಷಯದಲ್ಲೂ ಚೆನ್ನಾಗಿ ಬದುಕುತ್ತಿರಬಹುದು. ಹಾಗಾಗಿ ಸೋಯಾ ಕ್ಯಾನ್ಸರ್‌ಗೆ ಮದ್ದು ಅಂತ ನಾನು ಹೇಳುವುದಿಲ್ಲ. ಆದರೆ ಆಹಾರದಲ್ಲಿ ಸೋಯಾ ತಿಂದರೆ ಕ್ಯಾನ್ಸರ್ ಮರಳುತ್ತದೆ ಎಂಬ ಭಯಕ್ಕೆ ಮನುಷ್ಯರ ಅಧ್ಯಯನಗಳಲ್ಲಿ ಆಧಾರ ಕಂಡಿಲ್ಲ.

ಗಂಡಸರ ವಿಷಯ ಬೇಗ ಮುಗಿಸುತ್ತೇನೆ. ಸೋಯಾ ಗಂಡಸರ ಟೆಸ್ಟೋಸ್ಟೆರಾನ್ ಹಾರ್ಮೋನನ್ನು ಇಳಿಸುತ್ತದೆಯೇ ಎಂದು 2010ರಲ್ಲೂ 2021ರಲ್ಲೂ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಇಳಿಸುವುದಿಲ್ಲ.

ತೊಟ್ಟಿಯಲ್ಲಿ ಸಿಕ್ಕ ಬಿಳಿ ಪುಡಿ

ಐಸೊಫ್ಲೇವೋನ್‌ಗಳ ಗದ್ದಲದಲ್ಲಿ ಸ್ಟೆರಾಲ್‌ಗಳು ಮರೆತುಹೋಗುತ್ತವೆ. ಪರ್ಸಿ ಜೂಲಿಯನ್ ಅಮೆರಿಕದ ಕಪ್ಪು ಜನಾಂಗದ ರಸಾಯನಶಾಸ್ತ್ರಜ್ಞ, ಗುಲಾಮರಾಗಿದ್ದವರ ಮೊಮ್ಮಗ. ಬಣ್ಣದ ಕಾರಣಕ್ಕೆ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಗದೆ 1936ರಲ್ಲಿ ಶಿಕಾಗೋದ ಗ್ಲಿಡನ್ ಕಂಪನಿಯ ಸೋಯಾ ವಿಭಾಗ ಸೇರಿದರು. ಒಂದು ದಿನ ಸೋಯಾ ಎಣ್ಣೆಯ ದೊಡ್ಡ ತೊಟ್ಟಿಗೆ ನೀರು ಸೋರಿತು. ಎಣ್ಣೆಯಲ್ಲಿ ಬಿಳಿ ಗಟ್ಟಿ ವಸ್ತು ಕೂಡಿತು. ಎಣ್ಣೆ ಹಾಳಾಯಿತು ಅಂತ ಬೇರೆಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ಜೂಲಿಯನ್ ಆ ಬಿಳಿ ವಸ್ತುವನ್ನು ಗುರುತಿಸಿದರು. ಅದು ಸ್ಟಿಗ್ಮಾಸ್ಟೆರಾಲ್ ಎಂಬ ಸ್ಟೆರಾಲ್. ಅದನ್ನೇ ಕಚ್ಚಾ ವಸ್ತುವಾಗಿ ಬಳಸಿ ಪ್ರೊಜೆಸ್ಟೆರಾನ್ ಹಾರ್ಮೋನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. ಅದುವರೆಗೆ ಪ್ರಾಣಿಗಳ ಅಂಗಗಳಿಂದ ಚೂರುಚೂರೇ ತೆಗೆಯುತ್ತಿದ್ದ ಹಾರ್ಮೋನ್ ಅಗ್ಗವಾಗುವ ದಾರಿ ಅಲ್ಲಿ ತೆರೆಯಿತು.

ತಿನ್ನುವವರಿಗೆ ಸ್ಟೆರಾಲ್‌ನಿಂದ ಆಗುವ ಲಾಭ ಬೇರೆ. ಅವು ಕೊಲೆಸ್ಟ್ರಾಲನ್ನು ಹೋಲುತ್ತವೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯಾಗುವ ಜಾಗಕ್ಕೆ ಪೈಪೋಟಿ ಮಾಡಿ ಅದನ್ನು ಹೊರಗೆ ಕಳಿಸುತ್ತವೆ. ದಿನಕ್ಕೆ 2 ಗ್ರಾಂ ತಗೊಂಡರೆ ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಶೇಕಡಾ 8ರಿಂದ 10ರಷ್ಟು ಇಳಿಯುತ್ತದೆ. ಆದರೆ ಸಾಮಾನ್ಯ ಊಟದಲ್ಲಿ ಅರ್ಧ ಗ್ರಾಂ ಕೂಡ ಸಿಗುವುದಿಲ್ಲ. 2 ಗ್ರಾಂ ಬೇಕಂದರೆ ಸ್ಟೆರಾಲ್ ಸೇರಿಸಿದ ಆಹಾರವೇ ಬೇಕು.

ಫೈಟಿಕ್ ಆಮ್ಲದ ಮೇಲೆ ಹಳೆಯ ಆಪಾದನೆ ಇದೆ. ಅದು ಕಬ್ಬಿಣ, ಸತುವನ್ನು ಹಿಡಿದಿಟ್ಟು ಹೀರಿಕೆಯಾಗಲು ಬಿಡುವುದಿಲ್ಲ. ನಿಜ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಅದನ್ನು ತಗ್ಗಿಸುತ್ತದೆ. ಹುಳಿ ಹಣ್ಣಿನ ವಿಟಮಿನ್ ಸಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳೂ ಅಷ್ಟೇ. ಅವನ್ನು ಅರಗಿಸುವ ಕಿಣ್ವ ನಮ್ಮಲ್ಲಿಲ್ಲ, ಆದರೆ ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗೆ ಅವು ಊಟ.

ಕೇಳಿದ ಪ್ರಶ್ನೆಗಳು

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಥೈರಾಯ್ಡ್ ಇರುವವರು ಸೋಯಾ ತಿನ್ನಬಹುದಾ ಅಂತ ಒಬ್ಬ ಅಮ್ಮ ಕೇಳಿದರು. ಅಮ್ಮಾ, ತಿನ್ನಬಹುದು. ಹಿಂದೆ ಅಯೋಡಿನ್ ಸೇರಿಸದ ಸೋಯಾ ಹಿಟ್ಟಿನ ಆಹಾರ ಕುಡಿದ ಕೆಲವು ಶಿಶುಗಳಿಗೆ ಗಳಗಂಡ ಬಂದಿತ್ತು. ಅಯೋಡಿನ್ ಸೇರಿಸಿದ ಮೇಲೆ ಆ ತೊಂದರೆ ನಿಂತಿತು. ಅಯೋಡಿನ್ ಸಾಕಷ್ಟು ಸಿಗುತ್ತಿರುವ ಆರೋಗ್ಯವಂತರ ಥೈರಾಯ್ಡನ್ನು ಸೋಯಾ ಕೆಡಿಸುವುದಿಲ್ಲ. ಆದರೆ ಥೈರಾಕ್ಸಿನ್ ಮಾತ್ರೆಯ ಹೀರಿಕೆಗೆ ಸೋಯಾ ಅಡ್ಡ ಬರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತಗೊಳ್ಳಿ, ಸೋಯಾವನ್ನು ದಿನದಲ್ಲಿ ಆಮೇಲೆ ತಿನ್ನಿ. ಹೊಸದಾಗಿ ದಿನಾ ತಿನ್ನಲು ಶುರು ಮಾಡುವುದಾದರೆ ಡಾಕ್ಟರಿಗೆ ಹೇಳಿ, ಅವರು ರಕ್ತ ಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣ ಸರಿಮಾಡುತ್ತಾರೆ. ಸೋಯಾ ಅಲರ್ಜಿ ಇರುವವರು ಮಾತ್ರ ಪೂರ್ತಿ ದೂರ ಇರಬೇಕು.

ಇಷ್ಟೆಲ್ಲ ಯಾಕೆ, ಮಾತ್ರೆಯನ್ನೇ ತಗೊಂಡರೆ ಆಗಲ್ವಾ ಅಂತ ಒಬ್ಬ ಯುವಕ ಕೇಳಿದ. ಜಪಾನಿನ ಆಹಾರ ಸುರಕ್ಷತಾ ಆಯೋಗ 2006ರಲ್ಲಿ ಒಂದು ಮಿತಿ ಹೇಳಿದೆ. ಐಸೊಫ್ಲೇವೋನ್ ದಿನಕ್ಕೆ ಒಟ್ಟು 70ರಿಂದ 75 ಮಿಲಿಗ್ರಾಂ ದಾಟಬಾರದು, ಅದರಲ್ಲಿ ಊಟದ ಮೇಲೆ ಹೆಚ್ಚುವರಿಯಾಗಿ ಮಾತ್ರೆಯಂಥವುಗಳಿಂದ ಬರುವುದು 30 ಮಿಲಿಗ್ರಾಂ ಒಳಗಿರಬೇಕು. ತಲೆಮಾರುಗಳಿಂದ ಸೋಯಾ ತಿಂದ ದೇಶವೇ ಮಾತ್ರೆಯನ್ನು ಬೇರೆಯಾಗಿ ಎಣಿಸಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಪರಿಶೀಲಿಸಿ, ಮುಟ್ಟು ನಿಂತ ಹೆಂಗಸರಿಗೆ ಮಾತ್ರೆಗಳಿಂದ ಸ್ತನ, ಗರ್ಭಕೋಶ, ಥೈರಾಯ್ಡ್‌ಗೆ ಹಾನಿ ಕಂಡಿಲ್ಲ ಎಂದಿತು. ಮುಟ್ಟು ನಿಂತ ಕಾಲದ ತೊಂದರೆಗೆ ಡಾಕ್ಟರ ಸಲಹೆಯಂತೆ ತಗೊಳ್ಳುವುದು ಬೇರೆ ಮಾತು. ಆರೋಗ್ಯವಂತ ಹುಡುಗನಿಗೆ ಯಾಕಪ್ಪಾ ಮಾತ್ರೆ? ಊಟದಲ್ಲೇ ತಿನ್ನು. ಐಸೊಫ್ಲೇವೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೆ ಏಳೆಂಟು ಗಂಟೆ ಸಾಕು. ಒಂದೇ ಸಲ ರಾಶಿ ತಿನ್ನುವ ಬದಲು ಎರಡು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿಂದರೆ ರಕ್ತದಲ್ಲಿ ಅದು ದಿನವಿಡೀ ಇರುತ್ತದೆ.

ಕೊನೆಯ ಪ್ರಶ್ನೆ, ನನ್ನ ಕರುಳಲ್ಲಿ ಈಕ್ವಾಲ್ ಆಗುತ್ತಾ ಅಂತ ಗೊತ್ತಾಗುವುದು ಹೇಗೆ? ಮೈಯ ಮೇಲೆ ಯಾವ ಗುರುತೂ ಕಾಣುವುದಿಲ್ಲ. ಒಂದೆರಡು ದಿನ ಸೋಯಾ ತಿಂದು ಮೂತ್ರ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಜಪಾನಿನಲ್ಲಿ ಇದಕ್ಕೆ ಮನೆಯಲ್ಲೇ ಬಳಸುವ ಪರೀಕ್ಷೆಯೂ ಸಿಗುತ್ತದೆ. ಆಂಟಿಬಯೋಟಿಕ್ ತಗೊಂಡ ಹೊಸದರಲ್ಲಿ ಪರೀಕ್ಷೆ ಮಾಡಿಸಬೇಡಿ, ಆ ಬ್ಯಾಕ್ಟೀರಿಯಾ ಆಗ ಕುಗ್ಗಿರಬಹುದು. ಆಗುವುದಿಲ್ಲ ಎಂದು ಬಂದರೂ ಸೋಯಾ ಬಿಡಬೇಕಾಗಿಲ್ಲ. ಸೋಯಾದಲ್ಲಿ ಈಕ್ವಾಲ್ ಆಗುವುದು ಡೈಡ್ಜೀನ್‌ನಿಂದ ಮಾತ್ರ. ಕಾಳಿನ ಐಸೊಫ್ಲೇವೋನ್‌ನಲ್ಲಿ ಸುಮಾರು ಅರ್ಧದಷ್ಟು ಜೆನಿಸ್ಟೀನ್, ಅದಕ್ಕೆ ಆ ಬ್ಯಾಕ್ಟೀರಿಯಾದ ಹಂಗಿಲ್ಲ. ಸಕ್ಕರೆ ಕಳಚಿದರೆ ಸಾಕು, ಅದು ಎಲ್ಲರ ರಕ್ತಕ್ಕೂ ಸೇರುತ್ತದೆ.